ಮಂಡಕ್ಕಿ ಚೀಲವೋ, ಮೆಕ್ಕೆಜೋಳದ ಚೀಲವೋ? ಯಂತ್ರ ಮಾಡಿಸುವ ಮೊದಲು ವಿಆರ್ ಬೇಕಾ, ರಟ್ಟು ಸಾಕಾ

ದಾವಣಗೆರೆಯಲ್ಲಿ ಎರಡು ಥರದ ಚೀಲ ದಿನಾ ಕಣ್ಣಿಗೆ ಬೀಳುತ್ತವೆ. ಒಂದು ಮಂಡಕ್ಕಿ ಚೀಲ. ಆಳೆತ್ತರ ಇರುತ್ತದೆ, ತೂಕ ಅಷ್ಟಕ್ಕಷ್ಟೆ. ಹೊತ್ತವರ ಮುಖವೇ ಕಾಣುವುದಿಲ್ಲ, ಚೀಲಕ್ಕೇ ಕಾಲು ಬಂದು ನಡೆದು ಹೋದಂತಿರುತ್ತದೆ. ಇನ್ನೊಂದು ಮೆಕ್ಕೆಜೋಳದ ಚೀಲ. ನೋಡಲು ಅದರ ಅರ್ಧವೂ ಇಲ್ಲ, ಎತ್ತಲು ಹೋದರೆ 50 ಕೆಜಿ ಕೈಗೆ ಬರುತ್ತದೆ.

ನಾನು ಸಣ್ಣ ಕಾರ್ಖಾನೆಗಳಿಗೆ ಯಂತ್ರದ ಡಿಸೈನ್ ಮಾಡಿಕೊಡುವವನು. ಹಾಪರ್ (ಕಾಳು ಸುರಿಯುವ ದೊಡ್ಡ ಬಾಯಿಯ ಡಬ್ಬಿ), ಕನ್ವೇಯರ್ (ಸಾಮಾನು ಸಾಗಿಸುವ ಬೆಲ್ಟು), ಚೀಲ ತುಂಬುವ ಯಂತ್ರ, ಅವುಗಳ ಕಂಟ್ರೋಲ್ ಪ್ಯಾನೆಲ್, ಹೀಗೆ. ಈಗೀಗ ಪಾರ್ಟಿಗಳು ಕೇಳುತ್ತಾರೆ: "ಕಣ್ಣಿಗೆ ವಿಆರ್ ಕಟ್ಟಿ ಮೊದಲೇ ಟೆಸ್ಟ್ ಮಾಡ್ತಾರಂತಲ್ರೀ, ನಮ್ದೂ ಹಂಗ ಮಾಡ್ಬೋದಾ?" ಮಾಡಬಹುದು. ವಿಆರ್ ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು, ಇನ್ನೂ ಮಾಡಿರದ ಯಂತ್ರವನ್ನು ಎದುರಿಗೇ ಇದ್ದಂತೆ ನೋಡುವುದು. ಆದರೆ ನಾನು ಮೊದಲು ಕೇಳುವುದು ಬೇರೆ. ನಿಮ್ಮದು ಮಂಡಕ್ಕಿ ಚೀಲದ ತೊಂದರೆಯೋ, ಮೆಕ್ಕೆಜೋಳದ ಚೀಲದ ತೊಂದರೆಯೋ?

ಮಂಡಕ್ಕಿ ಚೀಲದ ತೊಂದರೆ ಅಂದರೆ ಕಾಣುವುದಿಲ್ಲ, ಎಟುಕುವುದಿಲ್ಲ, ತಿರುಗಲು ಜಾಗ ಸಾಲದು, ಯಾವ ಗುಂಡಿ ಒತ್ತಬೇಕೋ ತಿಳಿಯುವುದಿಲ್ಲ. ಮೆಕ್ಕೆಜೋಳದ್ದು ಅಂದರೆ ಭಾರ, ಎಳೆತ, ಬಿಸಿ, ಸಂಜೆಯ ಹೊತ್ತಿಗೆ ಬರುವ ಸುಸ್ತು. ಮೊದಲನೆಯದಕ್ಕೆ ವಿಆರ್ ಚೆನ್ನಾಗಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಸುಮ್ಮನಿದ್ದರೂ ಸರಿಯಿತ್ತು, ತಪ್ಪು ಉತ್ತರ ಕೊಡುತ್ತದೆ. ವಿಆರ್‌ನೊಳಗೆ ಜೋಳದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ತಲೆ ಮೇಲಿನ ರ‍್ಯಾಕಿಗೆ ಇಡಬಹುದು. ನೋಡುತ್ತಿರುವ ಮಾಲೀಕರಿಗೆ ಖುಷಿಯೋ ಖುಷಿ.

ಯಂತ್ರ ಈಗಾಗಲೇ ಇದ್ದರೆ

ಇದ್ದರೆ ವಿಆರ್ ಮಾತೇ ಬೇಡ. ಕೆಲಸ ಮಾಡುವವರನ್ನು ಕೇಳಿ, ಪಕ್ಕದಿಂದ ಹತ್ತು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿ. ಮೈ ಅತಿ ಕೆಟ್ಟದಾಗಿ ಬಾಗಿದ ಜಾಗದಲ್ಲಿ ವಿಡಿಯೊ ನಿಲ್ಲಿಸಿ ಕೋನ ಅಳೆಯಿರಿ. ಕಿನೋವಿಯಾ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಗೆರೆ ಎಳೆದರೆ ಕೋನ ತಾನೇ ತೋರಿಸುತ್ತದೆ.

ಆಮೇಲೆ ರೂಲಾ ಹಾಳೆ ತುಂಬಬೇಕು. ಇದನ್ನು 1993ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಮ್ಯಾಕಟಾಮ್ನಿ ಮತ್ತು ಕಾರ್ಲೆಟ್ ಕೊಟ್ಟರು. ತೋಳು, ಮಣಿಕಟ್ಟು, ಕುತ್ತಿಗೆ, ಬೆನ್ನು ಎಷ್ಟೆಷ್ಟು ಬಾಗಿವೆ ಅಂತ ನೋಡಿ ಅಂಕ ಹಾಕುವುದು. ತೋಳು 20 ಡಿಗ್ರಿ ಒಳಗಿದ್ದರೆ 1, ಭುಜದ ಮಟ್ಟ ದಾಟಿದರೆ 4. ಕೊನೆಗೆ ಬರುವ ಮೊತ್ತ 1ರಿಂದ 7. ಒಂದೆರಡು ಬಂದರೆ ಪರವಾಗಿಲ್ಲ, 7 ಬಂದರೆ ಈಗಲೇ ಬದಲಿಸಿ ಅಂತ ಅರ್ಥ. ಆದರೆ ರೂಲಾದಲ್ಲಿ ಕಾಲಿಗೆ ಇರುವುದು 1 ಅಥವಾ 2, ಅಷ್ಟೇ. ನಮ್ಮ ಕಡೆ ಅರ್ಧ ಕೆಲಸ ಕುಕ್ಕರುಗಾಲಲ್ಲೇ ನಡೆಯುತ್ತದೆ, ಅಲ್ವಾ? ಅಂಥ ಕಡೆ 2000ದಲ್ಲಿ ಬಂದ ರೀಬಾ ಎಂಬ ಇಂಥದ್ದೇ ಹಾಳೆ ಬಳಸಿ. ಅದು ಮೊಣಕಾಲು ಎಷ್ಟು ಮಡಿಸಿದೆ ಎನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ.

ಭಾರದ ಪ್ರಶ್ನೆಯಾದರೆ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನೈಯೋಷ್ ಸಂಸ್ಥೆಯ ಸೂತ್ರ ಇದೆ, 1991ರಲ್ಲಿ ತಿದ್ದಿದ್ದು. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ವಸ್ತು ಮೈಗೆ ಹತ್ತಿರ, ಸುಮಾರು 75 ಸೆಂ.ಮೀ. ಎತ್ತರದಲ್ಲಿ, ಹಿಡಿಯಲು ಸುಲಭವಾಗಿದ್ದಾಗ, ಎತ್ತಬಹುದಾದ ಮಿತಿ 23 ಕೆಜಿ. ವಸ್ತು ದೂರ ಹೋದಷ್ಟೂ ಇದು ಇಳಿಯುತ್ತದೆ. ಕಾಲಿನ ಗಿಣ್ಣಿನಿಂದ ಕೈವರೆಗೆ 25 ಸೆಂ.ಮೀ. ಇದ್ದರೆ ಪೂರ್ತಿ 23, ಅದು 50 ಸೆಂ.ಮೀ. ಆದರೆ ಹನ್ನೊಂದೂವರೆ. 50 ಕೆಜಿ ಜೋಳದ ಚೀಲ ಎಲ್ಲಿ ಬಂತು ನೋಡಿ! ಹೊತ್ತು ನಡೆಯುವುದಕ್ಕೆ ಈ ಸೂತ್ರ ಬರುವುದಿಲ್ಲ, ಎರಡು ಕೈಯಲ್ಲಿ ಎತ್ತಿ ಇಡುವುದಕ್ಕೆ ಮಾತ್ರ. ಆದರೂ ಹಾಪರಿನ ಬಾಯಿ ಎಷ್ಟು ದೂರ, ಎಷ್ಟು ಎತ್ತರ ಇರಬೇಕು ಅಂತ ತೀರ್ಮಾನಿಸಲು ಒಂದು ಟೇಪು, ಒಂದು ಕ್ಯಾಲ್ಕುಲೇಟರ್ ಸಾಕು.

ರಟ್ಟಿನ ಯಂತ್ರ

ಯಂತ್ರ ಇನ್ನೂ ಕಾಗದದ ಮೇಲಿದ್ದರೆ ನನ್ನ ಮೊದಲ ಆಯ್ಕೆ ಈಗಲೂ ರಟ್ಟು. ಫ್ರಿಜ್ ಬಂದ ಪೆಟ್ಟಿಗೆ, ಪ್ಲೈವುಡ್ ತುಂಡು, ಅಂಟು ಟೇಪು. ಗುಂಡಿಗಳಿಗೆ ಬಾಟಲಿ ಮುಚ್ಚಳ. ಒಂದು ದಿನದಲ್ಲಿ ನಿಜವಾದ ಅಳತೆಯ ಪ್ಯಾನೆಲ್ ಎದ್ದು ನಿಲ್ಲುತ್ತದೆ. ಗುಂಡಿ ಮೇಲಾಯಿತು ಅಂದರೆ ಅಲ್ಲೇ ಕಿತ್ತು ಕೆಳಗೆ ಅಂಟಿಸಬಹುದು. ಜನ ಅದಕ್ಕೆ ಹೆದರುವುದಿಲ್ಲ, ಅದೇ ದೊಡ್ಡ ಲಾಭ. ರಟ್ಟಿನ ಮುಂದೆ ಹೆಲ್ಪರ್ ಹುಡುಗನೂ "ಇದು ಇಲ್ಲಿ ಬ್ಯಾಡ್ರಿ" ಅನ್ನುತ್ತಾನೆ. ಪೇಂಟ್ ಆದ ಕಬ್ಬಿಣದ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ರಟ್ಟು ಎಲ್ಲಿ ಸೋಲುತ್ತದೆ ಅಂದರೆ, ಅದರಲ್ಲಿ ಏನೂ ಓಡುವುದಿಲ್ಲ. ಬೆಲ್ಟು ತಿರುಗುವುದಿಲ್ಲ, ದೀಪ ಹತ್ತುವುದಿಲ್ಲ, ಅಲಾರಂ ಕೂಗುವುದಿಲ್ಲ. ಇಪ್ಪತ್ತು ಅಡಿ ಕನ್ವೇಯರನ್ನು ರಟ್ಟಿನಲ್ಲಿ ಕಟ್ಟುವುದೂ ಆಗದ ಮಾತು.

ಕಂಪ್ಯೂಟರಿನ ಗೊಂಬೆ

ದೊಡ್ಡ ಕಂಪನಿಗಳು ಕಂಪ್ಯೂಟರ್ ಡ್ರಾಯಿಂಗಿನೊಳಗೆ ಮನುಷ್ಯನ ಗೊಂಬೆ ನಿಲ್ಲಿಸಿ ನೋಡುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಈಗ ಸೀಮೆನ್ಸ್ ಕೈಯಲ್ಲಿರುವ ಜ್ಯಾಕ್, ಜರ್ಮನಿಯ ಕಾರು ಉದ್ಯಮಕ್ಕಾಗಿ ಬಂದ ರ‍್ಯಾಮ್ಸಿಸ್, ಇಂಥವು. ಗಿಡ್ಡ ಹೆಂಗಸು, ಎತ್ತರದ ಗಂಡಸು, ಯಾರನ್ನು ಬೇಕಾದರೂ ನಿಲ್ಲಿಸಿ ಎಟುಕು ನೋಡಬಹುದು. ರೂಲಾ ಅಂಕವೂ ತಾನೇ ಬರುತ್ತದೆ.

ಎರಡು ಎಚ್ಚರಿಕೆ. ಗೊಂಬೆಯ ಅಳತೆ ಎಲ್ಲಿಯದು ಅಂತ ಮೊದಲು ನೋಡಿ. ಸುಮ್ನೆ ಬಿಟ್ಟರೆ ಅದು ಅಮೆರಿಕದವರದ್ದೋ ಜರ್ಮನ್ನರದ್ದೋ ಆಗಿರುತ್ತದೆ. ಭಾರತದವರ ಮೈ ಅಳತೆಗಳನ್ನು ದೇಬ್‌ಕುಮಾರ್ ಚಕ್ರಬರ್ತಿಯವರು ಸಂಗ್ರಹಿಸಿ, ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್ಐಡಿ 1997ರಲ್ಲಿ ಪ್ರಕಟಿಸಿದೆ. ಅದನ್ನು ಹಾಕಿಕೊಳ್ಳಿ. ಇನ್ನೊಂದು, ಗೊಂಬೆ ನೀವು ನಿಲ್ಲಿಸಿದಂತೆ ನಿಲ್ಲುತ್ತದೆ. ನಿಜವಾದ ಮನುಷ್ಯ ಒಂದು ಕಾಲನ್ನು ಫ್ರೇಮಿನ ಮೇಲಿಟ್ಟು, ಸೊಂಟ ಓರೆ ಮಾಡಿ, ಎಡಗೈಯಲ್ಲಿ ಮೊಬೈಲ್ ಹಿಡಿದು ಬಲಗೈಯಲ್ಲಿ ಲಿವರ್ ಎಳೆಯುತ್ತಾನೆ. ನಮ್ಮಂಥ ಸಣ್ಣವರಿಗೆ ಲೈಸೆನ್ಸ್ ದುಡ್ಡೂ ಜಾಸ್ತಿ. ಹಾಗಾಗಿ ನಾನು ಇದನ್ನು ಹೆಚ್ಚು ಬಳಸಿಲ್ಲ.

ಇನ್ನು ವಿಆರ್

ಹೋದ ವರ್ಷ ಒಂದು ಮಂಡಕ್ಕಿ ಘಟಕಕ್ಕೆ ಚೀಲ ತುಂಬುವ ಯಂತ್ರ ಮಾಡಬೇಕಿತ್ತು. ಚೀಲ ಹಿಡಿಯಬೇಕು, ತುಂಬಿದ ಮೇಲೆ ಬಾಯಿ ಹೊಲಿಯಬೇಕು, ಮುಂದೆ ತಳ್ಳಬೇಕು. ಪ್ಯಾನೆಲ್ ಎಲ್ಲಿಡುವುದು ಎನ್ನುವುದಕ್ಕೆ ಮೂರು ಜೋಡಣೆ ಇತ್ತು. ಮೂರನ್ನೂ ರಟ್ಟಿನಲ್ಲಿ ಕಟ್ಟುವ ಬದಲು ವಿಆರ್ ಮಾಡೋಣ ಅಂದುಕೊಂಡೆ. ತ್ರೀಡಿ ಡ್ರಾಯಿಂಗ್ ಹೇಗೂ ಇತ್ತು. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದ ನಮ್ಮ ಅಕ್ಕನ ಮಗ ಅದನ್ನು ಯೂನಿಟಿ ಎಂಬ ಸಾಫ್ಟ್‌ವೇರಿಗೆ ಹಾಕಿ, ದೀಪ ಹತ್ತುವಂತೆ, ಚೀಲ ತುಂಬುವಂತೆ ಮಾಡಿಕೊಟ್ಟ. ಎರಡು ವಾರ ಹಿಡಿಯಿತು. ಹೆಡ್‌ಸೆಟ್ ಎರವಲು ತಂದದ್ದು, ಕ್ವೆಸ್ಟ್ 3.

ರಜೆ ದಿನ ಘಟಕಕ್ಕೇ ಹೋದೆವು. ಮೊದಲು ಬಂದವರು ಇಪ್ಪತ್ತು ವರ್ಷದಿಂದ ದಬ್ಬಳ ಹಿಡಿದು ಚೀಲ ಹೊಲಿಯುವ ಅಕ್ಕ. ತುರುಬಿನ ಮೇಲೆ ಪಟ್ಟಿ ಕೂರಲೇ ಇಲ್ಲ. ತುರುಬು ಬಿಚ್ಚಿ ಜಡೆ ಹಾಕಿಕೊಂಡು ಬಂದರು. ಹಾಕಿಕೊಂಡವರೇ, "ಅಯ್ಯ, ನನ್ ಕೈ ಎಲ್ಲಿ ಹೋದ್ವೋ ತಮ್ಮ?" ಅಂದರು. ಕೈ ಕಾಣುವಂತೆ ಮಾಡಿದ ಮೇಲೆ ಐದು ನಿಮಿಷ ಸುಮ್ಮನೆ ಬೆರಳು ಆಡಿಸುತ್ತಾ ನಿಂತರು. ಆಡಿಸಲಿ ಅಂತ ಬಿಟ್ಟೆವು. ಮೊದಲ ಹತ್ತು ನಿಮಿಷ ಯಾರೂ ಯಂತ್ರ ಬಳಸುವುದಿಲ್ಲ, ಹೆಡ್‌ಸೆಟ್ ಕಲಿಯುತ್ತಾರೆ. ಆ ಹೊತ್ತಿನ ಸಮಯ, ತಪ್ಪು ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೇ ಜೋಡಣೆಯಲ್ಲಿ ಚೀಲ ಅರ್ಧಕ್ಕೆ ಬಂದಾಗ ಅವರು ಎಡಕ್ಕೆ ವಾಲಿ ಇಣುಕಿದರು. ಪೂರ್ತಿ ತುಂಬಿದಾಗ ಇನ್ನೂ ವಾಲಿದರು. ತುಂಬಿದ ಚೀಲ ಪ್ಯಾನೆಲ್ಲಿನ ದೀಪಕ್ಕೆ ಅಡ್ಡ ಬರುತ್ತಿತ್ತು! ತಿಂಗಳಿಂದ ಅದೇ ಡ್ರಾಯಿಂಗ್ ನೋಡುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ. ಕಂಪ್ಯೂಟರಿನಲ್ಲಿ ನಾನು ಯಾವಾಗಲೂ ಮೇಲಿನಿಂದ ನೋಡುತ್ತಿದ್ದೆ, ಹದ್ದಿನ ಹಾಗೆ. ಐದು ಅಡಿ ಎತ್ತರದ ಹೆಂಗಸಿನ ಕಣ್ಣಿನಿಂದ ಒಮ್ಮೆಯೂ ನೋಡಿರಲಿಲ್ಲ. ನಿಜವಾದ ಚೀಲ ತಂದು ರಟ್ಟಿನ ಮುಂದೆ ನಿಲ್ಲಿಸಿದ್ದರೂ ಗೊತ್ತಾಗುತ್ತಿತ್ತು, ಒಪ್ಪುತ್ತೇನೆ. ಆದರೆ ಮೂರು ಜೋಡಣೆಯನ್ನು ಐದು ಜನರಿಂದ ಒಂದೇ ಬೆಳಗ್ಗೆ ಮಾಡಿಸಿ ನೋಡಲು ಆಗುತ್ತಿರಲಿಲ್ಲ.

ಮೂರನೇ ಜೋಡಣೆಯಲ್ಲಿ ಯಡವಟ್ಟಾಯಿತು. ಕೆಳಗಿನ ಲಿವರಿಗೆ ಬಗ್ಗುವಾಗ ಅಕ್ಕ ಪಕ್ಕದ ಮೇಜಿನ ಅಂಚಿಗೆ ಎಡಗೈ ಊರಿದರು. ಮೇಜು ಇದ್ದದ್ದು ಕನ್ನಡಕದೊಳಗೆ. ಮುಗ್ಗರಿಸಿ ಬಿದ್ದರು, ಮೊಣಕೈ ತರಚಿತು. "ಮೇಜು ಇದ್ದಂಗೇ ಇತ್ತಲ್ಲೋ ತಮ್ಮ" ಅಂತ ಅವರೇ ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಬೇಕಿತ್ತು, ನಿಲ್ಲಿಸಿರಲಿಲ್ಲ.

ಅವತ್ತಿನಿಂದ ನಾನು ಬೆರಕೆ ದಾರಿ ಹಿಡಿದಿದ್ದೇನೆ. ಕೈ ಊರುವ, ಸೊಂಟ ತಾಗುವ, ಕಾಲು ಇಡುವ ಜಾಗದಲ್ಲಿ ಅದೇ ಎತ್ತರಕ್ಕೆ ನಿಜವಾದ ಪ್ಲೈವುಡ್ ಮೇಜು. ದೀಪ, ಬೆಲ್ಟು, ಚೀಲ ವಿಆರ್‌ನಲ್ಲಿ. ಕಣ್ಣಿಗೆ ವಿಆರ್, ಕೈಗೆ ಪ್ಲೈವುಡ್. ಎರಡನ್ನೂ ಹೊಂದಿಸಲು ಅರ್ಧ ಗಂಟೆ ಬೇಕು. ಮೇಜಿನ ಮೂಲೆ ಮುಟ್ಟಿಸಿ ನೋಡಿದರೆ ಸರಿಯಾಗಿ ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮೊದಲ ಸಲ ವಿಆರ್ ಮಾಡುವವರು ಇದೊಂದನ್ನು ಬಿಡಬೇಡಿ.

ವಿಆರ್ ಎಲ್ಲೆಲ್ಲಿ ಸುಳ್ಳು ಹೇಳುತ್ತದೆ

ಸಾಮಾನ್ಯ ಹೆಡ್‌ಸೆಟ್ಟಿಗೆ ಖಚಿತವಾಗಿ ಗೊತ್ತಿರುವುದು ಮೂರೇ ಜಾಗ: ತಲೆ, ಎರಡು ಕೈ. ಬೆನ್ನು, ಸೊಂಟ, ಮೊಣಕಾಲು ಬಹುಮಟ್ಟಿಗೆ ಊಹೆ. ಆ ಊಹೆಯ ಮೇಲೆ ಸಾಫ್ಟ್‌ವೇರ್ ರೂಲಾ ಅಂಕ ಕೊಟ್ಟರೆ ನಂಬಬೇಡಿ. ಪಕ್ಕದಲ್ಲಿ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ ಹೊರಗಿನಿಂದ ವಿಡಿಯೊ ಮಾಡಿ, ಅಂಕ ಅದರಿಂದ ಹಾಕಿ. ವಿಡಿಯೊದಲ್ಲಿ ಮೈಯ 33 ಜಾಗ ಗುರುತಿಸುವ ಗೂಗಲ್‌ನ ಮೀಡಿಯಾಪೈಪ್ ಉಚಿತವಾಗಿ ಸಿಗುತ್ತದೆ. ಆದರೆ ಸೀರೆ ಉಟ್ಟವರ ಮೊಣಕಾಲು ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅಲ್ಲಿ ನಿಮ್ಮ ಕಣ್ಣೇ ಗತಿ.

ಕುತ್ತಿಗೆಯ ಅಂಕ ಇನ್ನೂ ಅನುಮಾನ. ಕ್ವೆಸ್ಟ್ 3 ತೂಗುವುದು 515 ಗ್ರಾಂ, ಅದರ ಬಹುಪಾಲು ಮುಖದ ಮುಂದೆ ನೇತಾಡುತ್ತದೆ. ಕಾಣುವ ಕಿಟಕಿಯೂ ಬರಿಗಣ್ಣಿಗಿಂತ ಕಿರಿದು. ಬರಿಗಣ್ಣಲ್ಲಾದರೆ ಕಣ್ಣುಗುಡ್ಡೆ ಕೆಳಗಿಳಿಸಿ ನೋಡುವುದನ್ನು ಇಲ್ಲಿ ತಲೆಯನ್ನೇ ಬಗ್ಗಿಸಿ ನೋಡುತ್ತಾರೆ. ಇದರಿಂದ ಕುತ್ತಿಗೆ ಇರುವುದಕ್ಕಿಂತ ಜಾಸ್ತಿ ಬಾಗಿದಂತೆ ಬರುತ್ತದೆ.

ದೂರದ ಅಂದಾಜೂ ತಪ್ಪುತ್ತದೆ. ಹೆಡ್‌ಸೆಟ್ಟಿನಲ್ಲಿ ಜನ ದೂರವನ್ನು ಇರುವುದಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ ಎನ್ನುವುದು ಎಷ್ಟೋ ಅಧ್ಯಯನಗಳಲ್ಲಿ ಕಂಡ ಮಾತು. ಹಾಗಾಗಿ "ಎಟುಕುತ್ತಾ ಅಕ್ಕ?" ಅಂತ ಕೇಳಬೇಡಿ. ಮುಟ್ಟಿಸಿ ನೋಡಿ.

ಇಕ್ಕಟ್ಟಿನ ಜಾಗದ ಪರೀಕ್ಷೆಗಂತೂ ಹುಷಾರಾಗಿರಬೇಕು. ವಿಆರ್‌ನ ಗೋಡೆ ಮೈಯನ್ನು ತಡೆಯುವುದಿಲ್ಲ. ಚಿತ್ರದುರ್ಗದ ಓಬವ್ವನ ಕಿಂಡಿಯನ್ನು ವಿಆರ್‌ನಲ್ಲಿ ಮಾಡಿ ನೋಡಿ. ಒಬ್ಬೊಬ್ಬರೇ ತೂರಿಕೊಂಡು ಬರಬೇಕಾದ ಜಾಗದಲ್ಲಿ ಯಾರು ಬೇಕಾದರೂ ಎದೆಯುಬ್ಬಿಸಿ ನಡೆದೇ ದಾಟುತ್ತಾರೆ, ಒನಕೆಗೂ ಸಿಗುವುದಿಲ್ಲ. ಗೇರ್‌ಬಾಕ್ಸಿನ ಹಿಂದೆ ಕೈ ಹಾಕಿ ಬೋಲ್ಟ್ ಬಿಚ್ಚಲು ಆಗುತ್ತದಾ ಎನ್ನುವ ಪ್ರಶ್ನೆಗೂ ಇದೇ ಗತಿ. ಅದಕ್ಕೆ ರಟ್ಟಿನಲ್ಲಿ ಒಂದು ತೂತು ಕೊರೆಯುವುದೇ ಮೇಲು.

ತಲೆಸುತ್ತಿನ ವಿಷಯ. ಕೆಲವರಿಗೆ ಬೇಗ ಬರುತ್ತದೆ. ಇದನ್ನು ಅಳೆಯಲು 1993ರಿಂದ ಒಂದು ಪ್ರಶ್ನಾವಳಿ ಇದೆ, ವಾಕರಿಕೆ, ಕಣ್ಣು ದಣಿವು, ಬೆವರು ಹೀಗೆ 16 ಲಕ್ಷಣ. ನಾನು ಅಷ್ಟು ದೂರ ಹೋಗುವುದಿಲ್ಲ. ಹದಿನೈದು ನಿಮಿಷಕ್ಕಿಂತ ಹೆಚ್ಚು ಹಾಕಿಸುವುದಿಲ್ಲ, ಒಳಗೆ ಓಡಾಡಬೇಕಾದರೆ ಕಾಲಲ್ಲೇ ಓಡಾಡಿಸುತ್ತೇನೆ, ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿ ಚಹಾ ಕೊಟ್ಟು ಆಮೇಲೆ ಬೈಕ್ ಹತ್ತಿಸುತ್ತೇನೆ. ಏಪ್ರಿಲ್ ಮೇ ತಿಂಗಳಲ್ಲಿ ಈ ಕೆಲಸ ಇಟ್ಟುಕೊಳ್ಳಲೇಬೇಡಿ. ನಮ್ಮ ಊರಿನ ಸೆಖೆಗೆ ಬೆವರು ಇಳಿದು ಗಾಜು ಮಂಜಾಗುತ್ತದೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕುವ ಮುಂಚೆ ಒರೆಸುವುದಂತೂ ಇದ್ದೇ ಇದೆ.

"ಚೆನ್ನಾಗೈತಿ ಸರ" ಎಂಬ ಉತ್ತರ

ಇಲ್ಲಿಯವರೆಗೆ ಹೇಳಿದ್ದು ಮೈಯ ಮಾತು. ಬಳಸಲು ಸುಲಭವಾ ಎನ್ನುವುದು ಇನ್ನೊಂದು ಪರೀಕ್ಷೆ, ಅದು ರಟ್ಟಿನಲ್ಲೂ ಆಗುತ್ತದೆ, ವಿಆರ್‌ನಲ್ಲೂ ಆಗುತ್ತದೆ. ಇಲ್ಲಿ ದೊಡ್ಡ ಅಡ್ಡಿ ನಮ್ಮ ಜನರ ಒಳ್ಳೆಯತನ. ಹೇಗಿದೆ ಅಂತ ಕೇಳಿದರೆ ಚೆನ್ನಾಗೈತಿ ಅನ್ನುತ್ತಾರೆ. ಮಾಲೀಕರು ಪಕ್ಕದಲ್ಲಿ ನಿಂತಿದ್ದರೆ ಭಾಳ ಚೆನ್ನಾಗೈತಿ. ಮಾಲೀಕರನ್ನು ದೋಸೆ ತಿನ್ನಲು ಕಳಿಸಿ.

ಬಳಸಲು ಎಷ್ಟು ಸುಲಭ ಅಂತ ಅಳೆಯಲು ಎಸ್‌ಯುಎಸ್ ಎಂಬ ಹತ್ತು ಪ್ರಶ್ನೆಯ ಹಾಳೆ ಇದೆ, ಜಾನ್ ಬ್ರೂಕ್ 1986ರಲ್ಲಿ ಮಾಡಿದ್ದು. ಅಂಕ 0ಯಿಂದ 100. ಅದು ಶೇಕಡಾವಾರು ಅಲ್ಲ, ಸರಾಸರಿ 68ರ ಹತ್ತಿರ ಬರುತ್ತದೆ. ಹಾಗಾಗಿ 60 ಬಂದರೆ ಫಸ್ಟ್ ಕ್ಲಾಸ್ ಅಂತ ಖುಷಿಪಡಬೇಡಿ. ಅದರಲ್ಲಿ ಒಂದು ವಾಕ್ಯ ಹೊಗಳಿದರೆ ಮುಂದಿನದು ತೆಗಳುತ್ತದೆ. ನಾನು ಕನ್ನಡಕ್ಕೆ ಮಾಡಿ ಓದಿ ಹೇಳಿದಾಗ ಎಲ್ಲದಕ್ಕೂ "ಹೂಂ" ಬಂತು. ಸುಲಭ ಐತಾ? ಹೂಂ. ಕಷ್ಟ ಐತಾ? ಹೂಂ. ಹಾಳೆ ಮಡಿಸಿಟ್ಟೆ. ಈಗ ಎಣಿಸುವುದು ಮೂರೇ: ಎಷ್ಟು ಸಲ ತಪ್ಪು ಗುಂಡಿಗೆ ಕೈ ಹೋಯಿತು, ಎಷ್ಟು ಸಲ ನಮ್ಮ ಕಡೆ ತಿರುಗಿ ಕೇಳಿದರು, ಬೆಲ್ಟ್ ಸಿಕ್ಕಿಕೊಂಡಾಗ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಲು ಎಷ್ಟು ಸೆಕೆಂಡ್ ಬೇಕಾಯಿತು. ಕೊನೆಯದಕ್ಕೆ ವಿಆರ್ ನಿಜಕ್ಕೂ ಚಿನ್ನ. ಯಾರ ಬೆರಳೂ ಹೋಗದ ಹಾಗೆ ಅಪಘಾತ ಮಾಡಿಸಿ ನೋಡಬಹುದು.

ಎಷ್ಟು ಜನ ಬೇಕು? ಐದು ಜನ ಸಾಕು, ಮುಖ್ಯ ತೊಂದರೆಗಳೆಲ್ಲ ಸಿಗುತ್ತವೆ ಎನ್ನುವ ಮಾತು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಅವರಿಂದ ಪ್ರಚಾರಕ್ಕೆ ಬಂದದ್ದು. ಸಣ್ಣ ಯಂತ್ರಕ್ಕೆ ನನ್ನ ಅನುಭವವೂ ಅದೇ. ಆದರೆ ಆಫೀಸಿನ ಐದು ಹುಡುಗರಾದರೆ ಪ್ರಯೋಜನವಿಲ್ಲ. ಗಿಡ್ಡ ಇರುವವರು, ಉದ್ದ ಇರುವವರು, ಎಡಗೈಯವರು, ಓದು ಬಾರದವರು, ಕನ್ನಡಕ ಹಾಕುವವರು ಬೇಕು.

ಯಾರಿಗೆ ಯಾವುದು

ರೈಸ್ ಮಿಲ್, ಚಳ್ಳಕೆರೆ ಕಡೆಯ ಎಣ್ಣೆ ಗಿರಣಿ, ಗಾರ್ಮೆಂಟ್ಸ್ ಘಟಕದವರು, ಯಂತ್ರ ಆಗಲೇ ಓಡುತ್ತಿದ್ದರೆ ವಿಡಿಯೊ ಮತ್ತು ರೂಲಾ, ರೀಬಾ ಮಾಡಿಸಿ. ಖರ್ಚು ಒಂದು ದಿನದ ಸಮಯ. ಒಂದೇ ಹೊಸ ಪ್ಯಾನೆಲ್ ಅಥವಾ ಮೇಜು ಮಾಡಿಸುವವರಿಗೆ ರಟ್ಟು. ಎರಡು ಮೂರು ಜೋಡಣೆ ಹೋಲಿಸಬೇಕು, ಓಡುವ ಭಾಗಗಳಿವೆ, ತ್ರೀಡಿ ಡ್ರಾಯಿಂಗ್ ಕೈಯಲ್ಲಿದೆ ಅಂದರೆ ವಿಆರ್ ಜೊತೆಗೆ ಪ್ಲೈವುಡ್. ಹೆಡ್‌ಸೆಟ್ ಕೊಳ್ಳಲು ಹೋಗಬೇಡಿ, ಎರಡು ದಿನಕ್ಕೆ ಎಲ್ಲಾದರೂ ಎರವಲು ಸಿಗುತ್ತಾ ನೋಡಿ. ಊರಲ್ಲೇ ಯುಬಿಡಿಟಿ, ಬಿಐಇಟಿಯಂಥ ಇಂಜಿನಿಯರಿಂಗ್ ಕಾಲೇಜುಗಳಿವೆ. ಪ್ರಾಜೆಕ್ಟಿಗೆ ವಿಷಯ ಹುಡುಕುವ ಹುಡುಗ ಹುಡುಗಿಯರು ಪ್ರತಿ ವರ್ಷ ಇರುತ್ತಾರೆ. ದುಡ್ಡು ಹೋಗುವುದು ಹೆಡ್‌ಸೆಟ್ಟಿಗಲ್ಲ, ಡ್ರಾಯಿಂಗನ್ನು ಓಡುವಂತೆ ಮಾಡುವ ಆ ಎರಡು ವಾರಕ್ಕೆ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆಯಲ್ಲ, ಅಂಥ ಕಡೆ ವಿಆರ್‌ಗೆ ಸಾಟಿ ಇಲ್ಲ. ಕಂಬದ ತುದಿಯ ಡಬ್ಬಿಯೊಳಗೆ ರಿಪೇರಿ ಮಾಡುವವನು ಎಲ್ಲಿ ನಿಲ್ಲುತ್ತಾನೆ, ಎಲ್ಲಿ ನೋಡುತ್ತಾನೆ ಅಂತ ಪರೀಕ್ಷಿಸಲು ಹೊಸಬರನ್ನು ಅಷ್ಟೆತ್ತರ ಹತ್ತಿಸಲು ಆಗುತ್ತದೆಯೇ? ಮೈತುಂಬ ಸೆನ್ಸರ್ ಇರುವ ಉಡುಪು, ಎಕ್ಸ್‌ಸೆನ್ಸ್‌ನಂಥದ್ದು, ಬೆನ್ನು ಮೊಣಕಾಲಿನ ಕೋನವನ್ನು ನಿಜವಾಗಿ ಅಳೆಯುತ್ತದೆ. ಬೆಲೆ ನಮಗೆಟುಕದ್ದು. ಜೊತೆಗೆ, ಇಂಥ ಸೆನ್ಸರ್‌ಗಳ ದಿಕ್ಕು ಸುತ್ತಲೂ ಕಬ್ಬಿಣ ಇರುವ ವರ್ಕ್‌ಶಾಪಿನಲ್ಲಿ ತಪ್ಪುವುದುಂಟು. ಕೋಣೆಯ ಗೋಡೆಗಳನ್ನೇ ಪರದೆ ಮಾಡುವ ಕೇವ್ ಎಂಬ ವ್ಯವಸ್ಥೆ 1992ರಲ್ಲೇ ಷಿಕಾಗೊದಲ್ಲಿ ಬಂತು. ಅದು ಕಾರು ಕಂಪನಿಗಳ ಮಾತು, ಬಿಡಿ.

ಭಾರ ಎತ್ತುವ ಕೆಲಸವೇ ಮುಖ್ಯ ಅಂದರೆ ವಿಆರ್ ಹತ್ತಿರವೂ ಸುಳಿಯಬೇಡಿ. ನಿಜವಾದ ಚೀಲ, ನಿಜವಾದ ಮನುಷ್ಯ, ಟೇಪು.

ನಮ್ಮ ಮಂಡಕ್ಕಿ ಯಂತ್ರ ಈಗ ಓಡುತ್ತಿದೆ. ಪ್ಯಾನೆಲ್ಲನ್ನು ಎಡಕ್ಕೆ ಸರಿಸಿ, ದೀಪವನ್ನು ಚೀಲದ ತಲೆಗಿಂತ ಮೇಲಕ್ಕೆ ಏರಿಸಿದ್ದೇವೆ. ತಿಂಗಳಾದ ಮೇಲೆ ನೋಡಲು ಹೋದೆ. ಅಕ್ಕ ತಮ್ಮ ಊಟದ ಬುತ್ತಿಯ ಕೈಚೀಲವನ್ನು ನೇತು ಹಾಕಿದ್ದು ಎಲ್ಲಿ ಗೊತ್ತಾ? ಅಣಬೆಯ ಹಾಗೆ ಮುಂದೆ ಬಂದಿರುವ ಆ ಕೆಂಪು ಗುಂಡಿಗೆ. ವಿಆರ್‌ನಲ್ಲಿ, ಐದು ಜನರ ಪರೀಕ್ಷೆಯಲ್ಲಿ ಇದು ಬಂದಿರಲಿಲ್ಲ. ಪರೀಕ್ಷೆಗೆ ಯಾರೂ ಬುತ್ತಿ ತಂದಿರಲಿಲ್ಲವಲ್ಲ. ಮಾರನೇ ದಿನ ವೆಲ್ಡರನ್ನು ಕರೆದುಕೊಂಡು ಹೋಗಿ ಪ್ಯಾನೆಲ್ ಪಕ್ಕದ ಕಂಬಕ್ಕೆ ಎರಡು ಕೊಕ್ಕೆ ಹಾಕಿಸಿ ಬಂದೆ. ಒಂದು ಬುತ್ತಿಗೆ, ಒಂದು ಟವೆಲ್ಲಿಗೆ.